ಬ್ರಿಸ್ಟಲ್ಲಿನ ಹೊಸ ಕೋಣೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ನಡುಮಧ್ಯದಲ್ಲಿ ಬ್ರಾಡ್‌ಮೀಡ್ ಎಂಬ ಅಂಗಡಿಬೀದಿಯಿದೆ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಹಳೆಯ ಪೇಟೆ ಸುಟ್ಟುಹೋದ ಮೇಲೆ ಹೊಸದಾಗಿ ಎದ್ದ ಬೀದಿ ಅದು. ಬಟ್ಟೆ, ಚಪ್ಪಲಿ, ಮೊಬೈಲ್ ಅಂಗಡಿಗಳ ಸಾಲಿನಲ್ಲಿ ಒಂದು ಕಡೆ ಥಟ್ಟನೆ ಸಣ್ಣ ಅಂಗಳ ಸಿಗುತ್ತದೆ. ಅಂಗಳದಲ್ಲಿ ಕುದುರೆಯ ಮೇಲೆ ಕೂತ ಪಾದ್ರಿಯೊಬ್ಬರ ಕಂಚಿನ ಪ್ರತಿಮೆ, ಅದರ ಹಿಂದೆ ಒಂದು ಸಾದಾ ಕಟ್ಟಡ. ಆಕಾಶಕ್ಕೆ ಚಾಚಿದ ಗೋಪುರವಿಲ್ಲ, ಕೆತ್ತನೆಯ ಮುಖಮಂಟಪವಿಲ್ಲ. ಯಾವುದೋ ಹಳೆಯ ವ್ಯಾಪಾರಿಯ ಮಳಿಗೆಯಿರಬೇಕು ಅಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಮೆಥಡಿಸ್ಟ್ ಪಂಥದವರು ತಮಗಾಗಿಯೇ ಕಟ್ಟಿಸಿಕೊಂಡ ಕಟ್ಟಡಗಳಲ್ಲಿ ಇಡೀ ಜಗತ್ತಿಗೆ ಹಳೆಯದು ಇದೇ. ಅಡಿಗಲ್ಲು ಬಿದ್ದದ್ದು 1739ರ ಮೇ 12ರಂದು. ಇದನ್ನು ಅವರು ದೇವಾಲಯ ಎನ್ನಲಿಲ್ಲ, ಚರ್ಚ್ ಎನ್ನಲಿಲ್ಲ. ‘ನ್ಯೂ ರೂಮ್’ ಎಂದರು. ಹೊಸ ಕೋಣೆ. ಇನ್ನೂರ ಎಂಬತ್ತು ವರ್ಷ ದಾಟಿದರೂ ಅದು ಹೊಸ ಕೋಣೆಯಾಗಿಯೇ ಉಳಿದಿದೆ.

ವಾಸ್ತುಶಿಲ್ಪದ ಬಗ್ಗೆ ಬಾನುಲಿಯಲ್ಲಿ ಮಾತಾಡುವುದು ತುಸು ಕಷ್ಟದ ಕೆಲಸ, ಚಿತ್ರ ತೋರಿಸುವಂತಿಲ್ಲ. ಆದರೆ ಈ ಕಟ್ಟಡದ ಮಟ್ಟಿಗೆ ನನಗೆ ಆ ಚಿಂತೆಯಿಲ್ಲ. ಇಲ್ಲಿ ಕಣ್ಣಿಗಾಗಿ ಇಟ್ಟದ್ದು ಬಹಳ ಕಡಿಮೆ. ಇರುವುದೆಲ್ಲ ಯಾವುದೋ ಒಂದು ಗರಜಿಗೆ ಹುಟ್ಟಿದ್ದು: ಕೈಯಲ್ಲಿ ಕಾಸಿರಲಿಲ್ಲ, ಹೊರಗೆ ಕಲ್ಲು ತೂರುವವರಿದ್ದರು, ಹೇಳಿದ ಮಾತು ಕೊನೆಯ ಸಾಲಿಗೂ ಕೇಳಬೇಕಿತ್ತು, ಊರೂರು ಅಲೆಯುವ ಪ್ರಸಂಗಿಗಳು ಮಲಗಲು ಒಂದು ಜಾಗ ಬೇಕಿತ್ತು. ಈ ಗರಜುಗಳನ್ನು ಹೇಳಿಬಿಟ್ಟರೆ ಕಟ್ಟಡ ತಾನಾಗಿ ಕಣ್ಣಮುಂದೆ ನಿಲ್ಲುತ್ತದೆ. ಆಮೇಲೆ ಇನ್ನೂ ಒಂದು ಸೋಜಿಗ ನಡೆಯಿತು. ಜನ ಕಟ್ಟಿದ ಈ ಕೋಣೆ ತಿರುಗಿ ಆ ಜನರನ್ನೇ ಕಟ್ಟಿತು. ಅದನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇನೆ.

ಈ ಕೋಣೆಯನ್ನು ಕಟ್ಟಿಸಿದ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿ ಓದಿದವರು, ಇಂಗ್ಲೆಂಡಿನ ಅಧಿಕೃತ ಸಭೆಯಲ್ಲಿ ದೀಕ್ಷೆ ಪಡೆದ ಪಾದ್ರಿ. ಶಿಸ್ತು ಎಂದರೆ ಶಿಸ್ತು. ಆರಾಧನೆ ಚರ್ಚಿನ ಸೂರಿನಡಿ ಅಲ್ಲದೆ ಬೇರೆಲ್ಲೂ ಸಲ್ಲದು ಎಂದು ನಂಬಿದ್ದ ಮನುಷ್ಯ. ಅವರನ್ನು ಬ್ರಿಸ್ಟಲ್ಲಿಗೆ ಕರೆಸಿದವರು ಗೆಳೆಯ ಜಾರ್ಜ್ ವಿಟ್‌ಫೀಲ್ಡ್. ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿಗೂ ಇವರಿಗೂ ಏನೇನೂ ಸಂಬಂಧವಿಲ್ಲ. ಅಲ್ಲಿ ಹೆಸರು ಕೊಟ್ಟವರು ವೈಟ್ ಎಂಬ ಬೇರೊಬ್ಬರು. ವಿಟ್‌ಫೀಲ್ಡರದು ಸಿಡಿಲಿನಂಥ ಕಂಠ. ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರಿಗೆ ಅವರು ಬಯಲಿನಲ್ಲಿ ನಿಂತು ಉಪದೇಶ ಮಾಡಿದ್ದರು. ತಾವು ಮುಂದಿನ ಊರಿಗೆ ಹೋಗಬೇಕಾಗಿ ಬಂದಾಗ ಆ ಜನರನ್ನು ನೋಡಿಕೊಳ್ಳಲು ವೆಸ್ಲಿಯನ್ನು ಕರೆದರು. ವೆಸ್ಲಿ 1739ರ ಮಾರ್ಚ್ ಕೊನೆಗೆ ಬಂದರು, ಮನಸ್ಸಿಲ್ಲದ ಮನಸ್ಸಿನಿಂದ ಏಪ್ರಿಲ್ 2ರಂದು ಊರಾಚೆಯ ಒಂದು ಇಟ್ಟಿಗೆ ಮಣ್ಣಿನ ಬಯಲಿನಲ್ಲಿ ನಿಂತು ಮಾತಾಡಿದರು. ಮೂರು ಸಾವಿರದಷ್ಟು ಜನ ಕೇಳಿದರು ಎಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ.

ಬಯಲೇನೋ ಬೇಸಿಗೆಗೆ ಸರಿ. ಇಂಗ್ಲೆಂಡಿನ ಮಳೆಗಾಳಿಗೆ ಏನು ಮಾಡುವುದು? ಊರೊಳಗೆ ನಿಕೊಲಸ್ ಬೀದಿಯಲ್ಲಿ, ಬಾಲ್ಡ್‌ವಿನ್ ಬೀದಿಯಲ್ಲಿ ಎರಡು ಸಣ್ಣ ಭಕ್ತಕೂಟಗಳಿದ್ದವು. ಅವು ಸೇರುತ್ತಿದ್ದ ಜಾಗಗಳು ಹೊಸದಾಗಿ ಬರುವವರಿಗೆ ಸಾಲದೆ ಹೋದವು. ಹಾಗಾಗಿ ಹಾರ್ಸ್‌ಫೇರ್ ಎಂಬ ಕುದುರೆ ಸಂತೆಯ ಪಕ್ಕದಲ್ಲಿ ಒಂದು ತುಂಡು ನೆಲ ಹಿಡಿದರು. ಎರಡೂ ಕೂಟಗಳು ಸೇರಲು ಒಂದು ಕೋಣೆ, ಅಷ್ಟೇ. ವೆಸ್ಲಿಗೆ ಹೊಸ ಪಂಥ ಕಟ್ಟುವ ಉದ್ದೇಶ ಇರಲೇ ಇಲ್ಲ. ಭಾನುವಾರ ತಮ್ಮ ತಮ್ಮ ಚರ್ಚಿಗೇ ಹೋಗಿ, ಉಳಿದ ಹೊತ್ತಿನಲ್ಲಿ ಇಲ್ಲಿ ಸೇರಿ ಎನ್ನುವುದು ಅವರ ಲೆಕ್ಕ. ಚರ್ಚಿಗೆ ಪೈಪೋಟಿಯಾಗಿ ಕಾಣುವಂಥದ್ದು ಏನೂ ಬೇಡವಾಗಿತ್ತು. ಗೋಪುರ ಎತ್ತದಿರುವುದಕ್ಕೆ ಬಡತನದಷ್ಟೇ ಇದೂ ಕಾರಣ. ಅಡಿಗಲ್ಲು ಬಿದ್ದ ಮೂರೇ ವಾರಕ್ಕೆ, ಜೂನ್ 3ರ ಸಂಜೆ, ಕೆಲಸ ಮುಗಿಯದ ಗೋಡೆಗಳ ನಡುವೆಯೇ ಮೊದಲ ಕೂಟ ನಡೆದುಹೋಯಿತು.

ಇನ್ನು ಹಣದ ಕಥೆ. ಮೊದಲು ಹನ್ನೊಂದು ಜನ ಟ್ರಸ್ಟಿಗಳನ್ನು ನೇಮಿಸಿ, ಖರ್ಚುವೆಚ್ಚ ಅವರ ಹೆಗಲಿಗೆ ಎಂದು ವೆಸ್ಲಿ ನಿಶ್ಚಿಂತೆಯಿಂದಿದ್ದರು. ಕೆಲಸ ಶುರುವಾದ ಮೇಲೆ ನೋಡಿದರೆ, ತಾವೇ ಕೈಹಚ್ಚದೆ ಹೋದರೆ ಗೋಡೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ತಿಳಿಯಿತು. ನೂರೈವತ್ತು ಪೌಂಡಿಗೂ ಮಿಕ್ಕಿ ಸಾಲ ಮೈಮೇಲೆ ಬಂತು. ಎರಡೂ ಕೂಟಗಳ ಚಂದಾ ಸೇರಿಸಿದರೆ ಅದರ ಕಾಲುಭಾಗವೂ ಇಲ್ಲ. ಅಷ್ಟರಲ್ಲಿ ಲಂಡನ್ನಿನಿಂದ ಕಾಗದಗಳು ಬಂದವು. ಟ್ರಸ್ಟಿಗಳನ್ನು ತೆಗೆದು ಎಲ್ಲವನ್ನೂ ನಿಮ್ಮ ಹೆಸರಿಗೇ ಮಾಡಿಕೊಳ್ಳದಿದ್ದರೆ ನಾವು ಬಿಡಿಗಾಸೂ ಕೊಡುವುದಿಲ್ಲ ಎಂದು ಗೆಳೆಯರು ಬರೆದಿದ್ದರು. ಹಾಗೆ ಬರೆದವರಲ್ಲಿ ಮುಂದಾಗಿ ನಿಂತವರು ವಿಟ್‌ಫೀಲ್ಡ್. ಕಾರಣವನ್ನೂ ಹೇಳಿದ್ದರು: ಟ್ರಸ್ಟಿಗಳಿಗೆ ನಿಮ್ಮ ಉಪದೇಶ ಹಿಡಿಸದಿದ್ದರೆ ನೀವೇ ಕಟ್ಟಿದ ಕೋಣೆಯಿಂದ ನಿಮ್ಮನ್ನೇ ಹೊರಗೆ ಹಾಕುತ್ತಾರೆ. ವೆಸ್ಲಿ ಒಪ್ಪಿದರು, ಹನ್ನೊಂದು ಜನರನ್ನು ಕರೆಸಿ ಪತ್ರ ರದ್ದು ಮಾಡಿ ಎಲ್ಲ ಭಾರ ಹೊತ್ತುಕೊಂಡರು. ಜೇಬಿನಲ್ಲಿ ಮಾತ್ರ ಹಣವಿರಲಿಲ್ಲ. ವಿಟ್‌ಫೀಲ್ಡರ ಈ ಎಚ್ಚರಿಕೆಯನ್ನು ತುಸು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಲ ಅಷ್ಟು ಸುಲಭಕ್ಕೆ ಕರಗಲಿಲ್ಲ. 1742ರ ಫೆಬ್ರವರಿ 15ರಂದು ಅದನ್ನು ತೀರಿಸುವ ದಾರಿ ಹುಡುಕಲೆಂದೇ ಬ್ರಿಸ್ಟಲ್ಲಿನಲ್ಲಿ ಒಂದು ಸಭೆ ಸೇರಿತು. ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಬಡವರಿಗೆ ಅದೂ ಆಗದಲ್ಲ ಎಂದು ಯಾರೋ ಆಕ್ಷೇಪಿಸಿದರು. ಆಗ ಕ್ಯಾಪ್ಟನ್ ಫಾಯ್ ಎಂಬವರು ಎದ್ದು ನಿಂತು, ಅತಿ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ, ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ, ಅವರು ಕೊಟ್ಟರೆ ಸರಿ, ಇಲ್ಲದಿದ್ದರೆ ನನ್ನ ಪೆನ್ನಿಯ ಜತೆ ಅವರದನ್ನೂ ನಾನೇ ಹಾಕುತ್ತೇನೆ ಎಂದರು. ನೀವೂ ಒಬ್ಬೊಬ್ಬರು ಹನ್ನೊಂದು ಹನ್ನೊಂದು ಜನರನ್ನು ಹಂಚಿಕೊಳ್ಳಿ ಎಂದರು. ಹಾಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ವಸೂಲಿಗೆ ಮನೆಮನೆಗೆ ಹೋದವರು ಬರಿಯ ಪೆನ್ನಿ ತರಲಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳ, ಯಾರ ನಂಬಿಕೆ ಅಲುಗಿದೆ ಎಂಬ ಸುದ್ದಿಯನ್ನೂ ತಂದರು. ವೆಸ್ಲಿಯ ಕಣ್ಣು ತೆರೆಯಿತು. ತಾನು ಇಷ್ಟು ದಿನ ಹುಡುಕುತ್ತಿದ್ದ ವ್ಯವಸ್ಥೆ ಇದೇ ಎಂದುಕೊಂಡರು. ಆ ಗುಂಪುಗಳಿಗೆ ‘ಕ್ಲಾಸ್’ ಎಂಬ ಹೆಸರು ಬಿತ್ತು. ಮುಂದೆ ಮೆಥಡಿಸ್ಟರು ಎಲ್ಲಿ ಹೋದರೂ ಈ ಕ್ಲಾಸ್ ಜತೆಗೆ ಹೋಯಿತು. ದೊಡ್ಡ ಪಂಥವೊಂದರ ಬೆನ್ನುಮೂಳೆ ಹುಟ್ಟಿದ್ದು ಯಾವ ತತ್ವಚರ್ಚೆಯಿಂದಲೂ ಅಲ್ಲ, ಕಟ್ಟಡದ ಬಾಕಿಯಿಂದ. ವಾಸ್ತುಶಿಲ್ಪದ ಪುಸ್ತಕಗಳು ಈ ಸಂಗತಿಗೆ ಅಡಿಟಿಪ್ಪಣಿಯಷ್ಟು ಜಾಗವನ್ನೂ ಕೊಡುವುದಿಲ್ಲ. ನನಗಂತೂ ಇದೇ ಕಟ್ಟಡದ ಮೊದಲ ಅಂತಸ್ತಾಗಿ ಕಾಣುತ್ತದೆ.

ಈಗ ಒಳಗೆ ಹೋಗೋಣ. ನಾವು ಇವತ್ತು ನೋಡುವುದು 1748ರಲ್ಲಿ ಹಿಗ್ಗಿಸಿ ಕಟ್ಟಿದ ರೂಪ. ಅದರಲ್ಲಿ ಜಾರ್ಜ್ ಟಲ್ಲಿ ಎಂಬ ಕ್ವೇಕರ್ ಪಂಥದ ಕಟ್ಟಡಗಾರನ ಕೈಯಿತ್ತೆಂದು ಇತಿಹಾಸಕಾರರು ಭಾವಿಸುತ್ತಾರೆ. ನನಗೂ ಆ ಊಹೆ ಒಪ್ಪಿಗೆ. ಕೂಗಳತೆಯಲ್ಲೇ ಕ್ವೇಕರರ ಹಳೆಯ ಸಭಾಭವನವಿದೆ, ಅದೇ ಕಾಲದ್ದು. ಅಲ್ಲೂ ಇದೇ ಮಿತವಾದ ಕೈ, ನೆತ್ತಿಯ ಮೇಲಿನಿಂದ ಬೆಳಕು ಇಳಿಸುವ ಇದೇ ಉಪಾಯ.

ಬಾಗಿಲು ದಾಟಿದ ಕೂಡಲೇ ಗಮನಕ್ಕೆ ಬರುವುದು ಇಲ್ಲದಿರುವ ಒಂದು ವಸ್ತು. ನೆಲಮಟ್ಟದಲ್ಲಿ ಕಿಟಕಿಗಳಿಲ್ಲ. ಅಂಗಡಿಬೀದಿಯ ಗದ್ದಲವೆಲ್ಲ ಅಲ್ಲಿಗೇ ಕಡಿದುಹೋಗುತ್ತದೆ. ಇವತ್ತು ನಮಗೆ ಅದು ನೆಮ್ಮದಿಯಾಗಿ ತೋರಬಹುದು, ಅಂದು ಅದು ರಕ್ಷಣೆ. ಬೀದಿಗೆ ಕಿಟಕಿಯಿಟ್ಟರೆ ಅದರ ಗಾಜು ಸಂಜೆಯತನಕ ಉಳಿಯುವ ಕಾಲವಾಗಿರಲಿಲ್ಲ. 1740ರ ಏಪ್ರಿಲ್ 1ರಂದು ವೆಸ್ಲಿ ಒಳಗೆ ಮಾತಾಡುತ್ತಿದ್ದಾಗ ಹೊರಗೆ ಬೀದಿ, ಅಂಗಳ, ಓಣಿಗಳ ತುಂಬ ಜನ ಸೇರಿ ಬೈಗುಳ, ಕೂಗಾಟ. ಚದುರಿ ಎಂದು ಮೇಯರ್ ಹೇಳಿಕಳಿಸಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾನ್‌ಸ್ಟೆಬಲ್ಲನೇ ಬಂದರೆ ಅವನಿಗೂ ಮರ್ಯಾದೆ ಸಿಗಲಿಲ್ಲ. ಕೊನೆಗೆ ಮೇಯರ್ ಇನ್ನಷ್ಟು ಅಧಿಕಾರಿಗಳನ್ನು ಕಳಿಸಿ ಮುಂದಾಳುಗಳನ್ನು ಹಿಡಿಸಬೇಕಾಯಿತು. ಇಂಥ ಸಂಜೆಗಳನ್ನು ಕಂಡವರು ಎಂಟು ವರ್ಷದ ಮೇಲೆ ಕಟ್ಟಡ ಹಿಗ್ಗಿಸಲು ಕೂತಾಗ ಗೋಡೆಯನ್ನು ಕುರುಡಾಗಿಯೇ ಬಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಬೆಳಕು? ತಲೆಯೆತ್ತಿ ನೋಡಬೇಕು. ಚಾವಣಿಯ ನಡುವೆ ಎಂಟು ಮೂಲೆಯ ದೊಡ್ಡ ಬೆಳಕಿಂಡಿ. ಮಲೆನಾಡಿನ ತೊಟ್ಟಿಮನೆಯಲ್ಲಿ ಕೂತು ನಡುಮನೆಗೆ ಬೀಳುವ ಬಿಸಿಲನ್ನು ಕಂಡವರಿಗೆ ಇದು ಪರಿಚಯದ ಬೆಳಕೇ: ಹೊರಗಿನ ಜಗತ್ತು ಕಾಣುವುದಿಲ್ಲ, ಹೊತ್ತು ಎಷ್ಟಾಯಿತು ಎಂಬುದು ಮಾತ್ರ ತಿಳಿಯುತ್ತದೆ. ಇಲ್ಲಿ ಮಳೆ ಒಳಗೆ ಬೀಳದಂತೆ ಗಾಜಿದೆ, ಮತ್ತು ಬೆಳಕು ಒಂದು ಅಂತಸ್ತನ್ನು ದಾಟಿಕೊಂಡು ಬರಬೇಕು. ಯಾಕೆಂದರೆ ಪ್ರಾರ್ಥನೆಯ ಕೋಣೆಯ ನೆತ್ತಿಯ ಮೇಲೆಯೇ ಪ್ರಸಂಗಿಗಳ ವಾಸದ ಕೋಣೆಗಳಿವೆ. ಆ ಅಂತಸ್ತಿನ ನಡುವೆ ಎಂಟು ಮೂಲೆಯ ಗಾಜಿನ ಬಾವಿಯೊಂದನ್ನು ಬಿಟ್ಟು, ಮಾಡಿನ ಮೇಲಿನ ಬೆಳಕನ್ನು ಅದರ ಮೂಲಕ ಕೆಳಕ್ಕೆ ಇಳಿಸಿದ್ದಾರೆ. ಆ ಬಾವಿಯ ಸುತ್ತಲೂ ಪ್ರಸಂಗಿಗಳು ಸೇರಿ ಉಣ್ಣುವ, ಮಾತಾಡುವ ಪಡಸಾಲೆ. ಮೇಲೆ ಊಟಕ್ಕೆ ಕೂತವನು ಬಗ್ಗಿ ನೋಡಿದರೆ ಕೆಳಗೆ ಸಭೆ ಕಾಣುತ್ತದೆ. ಹೊಸ ಪ್ರಸಂಗಿ ಹೇಗೆ ಮಾತಾಡುತ್ತಾನೆ, ಜನ ಕೇಳುತ್ತಿದ್ದಾರೋ ತೂಕಡಿಸುತ್ತಿದ್ದಾರೋ ಎಂದು ಹಿರಿಯರು ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದರಂತೆ. ಹೊಸಬನ ಪಾಡು ಹೇಗಿದ್ದಿರಬಹುದು! ಮೇಲೆ ನೋಡಿದರೆ ದೇವರ ಬೆಳಕು, ಆ ಬೆಳಕಿನಂಚಿಗೆ ಹಿರಿಯ ಪ್ರಸಂಗಿಯ ಮುಖ.

ಕೆಳಗಿನ ಕೋಣೆ ಹೆಚ್ಚುಕಡಿಮೆ ಚೌಕ. ಮೇಲಿನ ಭಾರ ಹೊತ್ತ ದಪ್ಪ ಸಾದಾ ಕಂಬಗಳು, ಅವುಗಳ ತಲೆಯಲ್ಲಿ ಎಲೆ ಬಳ್ಳಿಯ ಕೆತ್ತನೆಯಿಲ್ಲ. ಎರಡು ಬದಿಗೆ ಗ್ಯಾಲರಿ. ಎದುರು ಗೋಡೆಯ ನಟ್ಟನಡುವೆ ಎರಡು ಅಂತಸ್ತಿನ ಪ್ರಸಂಗಪೀಠ: ಕೆಳಗಿನದರಲ್ಲಿ ವೇದಪಾಠ, ಮೇಲಿನದರಲ್ಲಿ ಉಪದೇಶ. ಪ್ರಭುಭೋಜನದ ಮೇಜು ಅದರ ಮುಂದೆ, ಕೆಳಗೆ. ಹಳೆಯ ಚರ್ಚುಗಳಲ್ಲಿ ಕಣ್ಣು ಪೂರ್ವದ ಕೊನೆಗೆ, ಬಲಿಪೀಠಕ್ಕೆ ಹೋಗುತ್ತದೆ. ಪ್ರಸಂಗಪೀಠ ಎಲ್ಲೋ ಪಕ್ಕದ ಕಂಬಕ್ಕೆ ಒತ್ತಿಕೊಂಡಿರುತ್ತದೆ. ಇಲ್ಲಿ ಎಲ್ಲವೂ ಮಾತಿನ ಕಡೆಗೆ ಮುಖ ಮಾಡಿ ಕೂತಿದೆ. ಗ್ಯಾಲರಿಯಲ್ಲಿ ಕೂತವನಿಗೆ ಪ್ರಸಂಗಿ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಸಿಗುತ್ತಾನೆ. ವೆಸ್ಲಿ ಕುಳ್ಳಗಿನ ಮನುಷ್ಯ, ಐದು ಅಡಿಯ ಮೇಲೆ ಒಂದು ಮೂರು ಅಂಗುಲ ಅಷ್ಟೇ ಎನ್ನುತ್ತಾರೆ. ಆ ಎತ್ತರದ ಪೀಠ ಅವರಿಗೆ ಬೇಕೂ ಆಗಿತ್ತು.

ಈ ಪೀಠದ ಜಾಣತನ ಇನ್ನೊಂದಿದೆ. ಮೊದಲಿಗೆ ಅದಕ್ಕೆ ಹತ್ತಲು ಸಭೆಯ ನೆಲದಿಂದ ದಾರಿಯೇ ಇರಲಿಲ್ಲ. ಪ್ರಸಂಗಿ ಮೇಲಿನ ಕೋಣೆಗಳಿಂದ ಇಳಿದು ಪೀಠಕ್ಕೆ ಬರಬೇಕು, ಹಾಗೆಯೇ ಮೇಲಕ್ಕೆ ಹೋಗಬೇಕು. ಬಾಗಿಲು ಮುರಿದು ಗುಂಪು ಒಳನುಗ್ಗಿದರೂ ಪ್ರಸಂಗಿಯ ಕಾಲು ಹಿಡಿದೆಳೆಯಲು ಮೆಟ್ಟಿಲು ಸಿಗದು. ಬೇರೆ ದೇವಾಲಯಗಳಲ್ಲಿ ಪೀಠದ ಎತ್ತರ ಗೌರವದ ಗುರುತು. ಇಲ್ಲಿ ಪ್ರಾಣಭಯವೂ ಅದರಲ್ಲಿ ಪಾಲುದಾರ.

ಕೂರಲು ಅಂದು ಇದ್ದದ್ದು ಬೆನ್ನಿಲ್ಲದ ಬೆಂಚುಗಳು. ಈಗ ಕಾಣುವ ಆಸನಗಳು ಆಮೇಲಿನವು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಣ ಕೊಟ್ಟು ಜಾಗ ಹಿಡಿಯುವ, ಬಾಗಿಲು ಹಾಕಿಕೊಳ್ಳುವ ಪೆಟ್ಟಿಗೆಯಂಥ ಆಸನಗಳು ಆ ಕಾಲದ ಚರ್ಚುಗಳಲ್ಲಿ ಶ್ರೀಮಂತರ ಸೊತ್ತು. ವೆಸ್ಲಿಗೆ ಅವು ಕಣ್ಣಿಗೆ ಆಗುತ್ತಿರಲಿಲ್ಲ. ಗಣಿಯಿಂದ ಬಂದವನೂ ಹಡಗಿನ ವ್ಯಾಪಾರಿಯೂ ಒಂದೇ ಹಲಗೆಯ ಮೇಲೆ, ಬೆನ್ನಿಗೆ ಆಸರೆಯಿಲ್ಲದೆ, ನೆಟ್ಟಗೆ ಕೂರಬೇಕು. ಬೆಳಗಿನ ಐದು ಗಂಟೆಗೇ ಉಪದೇಶ ಇಡುವುದು ವೆಸ್ಲಿಯ ರೂಢಿ. ಆ ಹೊತ್ತಿಗೆ ಬೆನ್ನಾನಿಸಲು ಹಲಗೆಯಿದ್ದರೆ ಎಷ್ಟು ಜನ ಎಚ್ಚರವಿರುತ್ತಿದ್ದರೋ! ಮೂಲೆಯಲ್ಲಿ ಒಂದು ಚೆಂದದ ಆರ್ಗನ್ ಇದೆ, 1761ರಲ್ಲಿ ಸ್ನೆಟ್‌ಸ್ಲರ್ ಎಂಬ ಹೆಸರಾಂತ ಕುಶಲಿ ಮಾಡಿದ್ದು. ನೋಡಿದವರು ವೆಸ್ಲಿಯ ಕಾಲದಿಂದ ಅಲ್ಲೇ ಇದೆ ಅಂದುಕೊಳ್ಳುತ್ತಾರೆ. ಇಲ್ಲ, ಅದು ಬಂದದ್ದು 1930ರ ಜೀರ್ಣೋದ್ಧಾರದ ಹೊತ್ತಿಗೆ. ತಮ್ಮ ಚಾರ್ಲ್ಸ್ ವೆಸ್ಲಿ ಬರೆದ ಕೀರ್ತನೆಗಳನ್ನು ಇಲ್ಲಿ ಬರಿಯ ಕೊರಳಿನಿಂದಲೇ ಹಾಡುತ್ತಿದ್ದರು.

ಈ ಒಂದೇ ಸೂರಿನಡಿ ಬಡಮಕ್ಕಳ ಶಾಲೆ ನಡೆಯಿತು, ಬಡವರಿಗೆ ಪುಕ್ಕಟೆ ಔಷಧಿ ಹಂಚಿಕೆ ನಡೆಯಿತು. ಕುದುರೆಗಳಿಗೆ ಪಕ್ಕದಲ್ಲೇ ಲಾಯ. ಮೇಲಿನ ಕೋಣೆಗಳು ತೀರಾ ಚಿಕ್ಕವು. ಒಂದು ಮಂಚ, ಒಂದು ಮೇಜು ಹಿಡಿಸಿದರೆ ಮುಗಿಯಿತು. ವೆಸ್ಲಿ ಬದುಕಿನುದ್ದಕ್ಕೂ ಎರಡೂವರೆ ಲಕ್ಷ ಮೈಲಿ ಅಲೆದರೆಂದು ಲೆಕ್ಕ ಹಾಕುತ್ತಾರೆ, ಬಹುಪಾಲು ಕುದುರೆಯ ಬೆನ್ನ ಮೇಲೆ. ಅಂಥವರ ಗುಂಪಿಗೆ ಬೇಕಾದದ್ದು ಪಾದ್ರಿಯ ಬಂಗಲೆಯಲ್ಲ, ಎರಡು ರಾತ್ರಿ ತಂಗುವ ಠಾಣ್ಯ. ಪ್ರಾರ್ಥನೆಯ ಕೋಣೆಯ ಮೇಲೆಯೇ ವಾಸದ ಅಂತಸ್ತನ್ನು ಕೂರಿಸಿದ್ದು ಈ ಅಲೆದಾಟದ ನಕ್ಷೆ. ಮುಂದಿನ ಮೆಥಡಿಸ್ಟ್ ಕಟ್ಟಡಗಳಲ್ಲಿ ಇದು ಮಾಯವಾಯಿತು. ಲಂಡನ್ನಿನ ಸಿಟಿ ರೋಡಿನಲ್ಲಿ 1778ರಲ್ಲಿ ವೆಸ್ಲಿಯೇ ತೆರೆದ ಪ್ರಸಿದ್ಧ ಚಾಪೆಲಿನಲ್ಲಿ ಮನೆ ಬೇರೆ, ದೇವಾಲಯ ಬೇರೆ. ಅಲ್ಲಿ ಗ್ಯಾಲರಿ ಹೊತ್ತ ಕಂಬಗಳು ಹಡಗಿನ ಪಟಸ್ತಂಭಗಳು, ಮೂರನೆಯ ಜಾರ್ಜ್ ದೊರೆಯ ಕೊಡುಗೆ. 1891ರಲ್ಲಿ ಅವನ್ನು ತೆಗೆದು ಹೊರದೇಶಗಳ ಮೆಥಡಿಸ್ಟರು ಕೊಟ್ಟ ಜ್ಯಾಸ್ಪರ್ ಕಲ್ಲಿನ ಕಂಬಗಳನ್ನು ನಿಲ್ಲಿಸಿದರು. ಮರದ್ದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ವೆಸ್ಲಿಗೆ ಕಟ್ಟಡಗಳ ವಿಷಯದಲ್ಲಿ ಖಚಿತ ಅಭಿಪ್ರಾಯಗಳಿದ್ದವು. 1757ರಲ್ಲಿ ನಾರ್ವಿಚ್ ನಗರದಲ್ಲಿ ಬೇರೊಂದು ಪಂಥದವರ ಎಂಟು ಮೂಲೆಯ ಚಾಪೆಲನ್ನು ನೋಡಿ ಮೆಚ್ಚಿದರು. ಆಮೇಲೆ ತಮ್ಮವರಿಗೆ ಹೊರಡಿಸಿದ ಕಟ್ಟಳೆಗಳಲ್ಲಿ, ನೆಲ ಅನುಕೂಲವಿದ್ದ ಕಡೆಯೆಲ್ಲ ಎಂಟು ಮೂಲೆಯಾಗಿಯೇ ಕಟ್ಟಿ, ದನಿಗೆ ಅದೇ ಒಳ್ಳೆಯದು ಎಂದರು. ಕಿಟಕಿ ಹೇಗೆ ತೆರೆಯಬೇಕು, ಬೆಂಚಿಗೆ ಬೆನ್ನು ಬೇಡ ಎನ್ನುವ ತನಕ ಕಟ್ಟಳೆ ಮಾಡಿದರು. ಯಾರ್ಕ್‌ಷೈರಿನ ಗುಡ್ಡದ ಮೇಲೆ ಹೆಪ್ಟನ್‌ಸ್ಟಾಲ್ ಎಂಬ ಹಳ್ಳಿಯಲ್ಲಿ 1764ರ ಅಂಥದೊಂದು ಚಾಪೆಲ್ ಈಗಲೂ ನಿಂತಿದೆ. ಆದರೆ ಎಂಟು ಮೂಲೆಯ ಕಟ್ಟಡಕ್ಕೆ ಒಂದು ದೊಡ್ಡ ತೊಡಕು: ಜನ ಹೆಚ್ಚಾದರೆ ಯಾವ ಗೋಡೆ ಒಡೆದು ಹಿಗ್ಗಿಸುವುದು? ಹೆಪ್ಟನ್‌ಸ್ಟಾಲಿನವರು 1802ರಲ್ಲಿ ಅದನ್ನು ಉದ್ದಕ್ಕೆ ಎಳೆದರು. ಎಂಟು ಮೂಲೆ ಉಳಿಯಿತು, ಸಮ ಉಳಿಯಲಿಲ್ಲ. ಮಿಕ್ಕವರು ಆ ಗೊಡವೆಯೇ ಬೇಡವೆಂದು ಚೌಕಕ್ಕೆ, ಆಯತಕ್ಕೆ ಹಿಂತಿರುಗಿದರು. ಬ್ರಿಸ್ಟಲ್ಲಿನ ಚೌಕ ಕೋಣೆಯೂ ಅದರ ನೆತ್ತಿಯ ಎಂಟು ಮೂಲೆಯ ಬೆಳಕಿಂಡಿಯೂ ಈ ಚರ್ಚೆಯೆಲ್ಲ ಶುರುವಾಗುವ ಮುಂಚಿನವು.

ಈ ಗೋಡೆಗಳೊಳಗೆ ನಡೆದ ಒಂದು ರಾತ್ರಿಯ ಸಂಗತಿ ಹೇಳಲೇಬೇಕು. ಬ್ರಿಸ್ಟಲ್ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಊರು. ಸಕ್ಕರೆ, ಹೊಗೆಸೊಪ್ಪು, ಆಫ್ರಿಕಾದ ಮನುಷ್ಯರು: ಊರಿನ ದೊಡ್ಡ ಮನೆಗಳ ಹಣದ ಮೂಲ ಅದೇ. ವೆಸ್ಲಿ 1774ರಲ್ಲೇ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದಿದ್ದರು. 1788ರ ಮಾರ್ಚಿನಲ್ಲಿ, ಎಂಬತ್ತೈದರ ಹೊಸ್ತಿಲಿನಲ್ಲಿದ್ದಾಗ, ಇದೇ ಪೀಠದಿಂದ ಅದೇ ವಿಷಯ ಮಾತಾಡುವೆನೆಂದು ಮೊದಲೇ ಸಾರಿದರು. ಬಡವ ಬಲ್ಲಿದ ಎನ್ನದೆ ಕೋಣೆ ಕಿಕ್ಕಿರಿಯಿತು. ಮಾತಿನ ನಡುವೆ ಇದ್ದಕ್ಕಿದ್ದಂತೆ ಒಂದು ಭಾರಿ ಸದ್ದು, ಸಭೆಯ ಈ ತುದಿಯಿಂದ ಆ ತುದಿಗೆ ಗಾಬರಿ ಹರಿಯಿತು. ಜನ ಒಬ್ಬರ ಮೇಲೊಬ್ಬರು ಬಿದ್ದರು, ಬೆಂಚುಗಳು ಮುರಿದವು. ಆರು ನಿಮಿಷದಲ್ಲಿ ಎಲ್ಲ ತಣ್ಣಗಾಯಿತು, ವೆಸ್ಲಿ ಬಿಟ್ಟ ಕಡೆಯಿಂದ ಮಾತು ಮುಂದುವರಿಸಿದರು. ಸದ್ದಿಗೆ ಕಾರಣ ಗೊತ್ತಾಗಲಿಲ್ಲ. ಸೈತಾನನ ಕೆಲಸವಿರಬೇಕೆಂದು ಅವರು ಬಗೆದರು. ನೆಲಮಟ್ಟದಲ್ಲಿ ಕಿಟಕಿಯಿಲ್ಲದ, ಬಾಗಿಲು ಕಡಿಮೆಯಿರುವ ಕೋಣೆಯಲ್ಲಿ ಗುಂಪು ಹೆದರಿದರೆ ಏನಾಗುತ್ತದೆಂದು ಬಲ್ಲವರು ಸೈತಾನನವರೆಗೆ ಹೋಗಬೇಕಾಗಿಲ್ಲ. ಹೊರಗಿನವರನ್ನು ತಡೆಯಲು ಕಟ್ಟಿದ ಗೋಡೆ ಒಳಗಿನವರನ್ನೂ ತಡೆಯುತ್ತದೆ.

1791ರಲ್ಲಿ ವೆಸ್ಲಿ ತೀರಿಕೊಂಡರು. ಮೂರೇ ವರ್ಷಕ್ಕೆ ಜಗಳ ಹೊತ್ತಿತು. ಪ್ರಭುಭೋಜನದ ಸಂಸ್ಕಾರವನ್ನು ನಮ್ಮ ಪ್ರಸಂಗಿಗಳೇ ನಡೆಸಬಹುದೋ, ಅದಕ್ಕೆ ಇಂಗ್ಲೆಂಡಿನ ಅಧಿಕೃತ ಚರ್ಚಿಗೇ ಹೋಗಬೇಕೋ ಎಂಬ ಪ್ರಶ್ನೆ. ಹೆನ್ರಿ ಮೂರ್ ಎಂಬ ಪ್ರಸಂಗಿ ಊರಿನ ಇನ್ನೊಂದು ಚಾಪೆಲಿನಲ್ಲಿ ಆ ಸಂಸ್ಕಾರದಲ್ಲಿ ಕೈಜೋಡಿಸಿದರೆಂದು 1794ರಲ್ಲಿ, ಹೊಸ ಕೋಣೆಗೆ ಆ ಹೊತ್ತಿಗೆ ಮತ್ತೆ ಬಂದಿದ್ದ ಟ್ರಸ್ಟಿಗಳು ಅವರಿಗೆ ಇಲ್ಲಿ ಪ್ರಸಂಗ ಮಾಡುವಂತಿಲ್ಲ ಎಂದು ಕಾಗದ ಕೊಟ್ಟರು. ವಿಟ್‌ಫೀಲ್ಡ್ 1739ರಲ್ಲಿ ಹೇಳಿದ್ದು ಅಕ್ಷರಶಃ ನಡೆಯಿತು. ಟ್ರಸ್ಟಿಗಳು ಬೇಡವಾದ ಪ್ರಸಂಗಿಗೆ ಬಾಗಿಲು ಹಾಕಿದರು. ಸಭೆಯ ಬಹುಪಾಲು ಜನ ಮೂರ್ ಅವರ ಹಿಂದೆ ಎದ್ದು ಹೋದರು. 1808ರಲ್ಲಿ ಕಟ್ಟಡವನ್ನು ವೇಲ್ಸ್ ಭಾಷೆಯವರ ಕ್ಯಾಲ್ವಿನಿಸ್ಟ್ ಮೆಥಡಿಸ್ಟ್ ಸಭೆಗೆ ಮಾರಿದರು. ಇಲ್ಲಿ ಇನ್ನೊಂದು ತಿರುವು ನೋಡಿ. ದೇವರು ಯಾರನ್ನು ಉದ್ಧರಿಸಬೇಕೆಂದು ಮೊದಲೇ ಗೊತ್ತು ಮಾಡಿದ್ದಾನೆ ಎಂಬ ಕ್ಯಾಲ್ವಿನನ ಮತ ವಿಟ್‌ಫೀಲ್ಡರದು; ವೆಸ್ಲಿಗೆ ಆ ಮಾತು ಕೇಳಿದರೆ ಆಗದು. ಗೆಳೆಯರಿಬ್ಬರೂ ಬೇರೆಯಾದದ್ದು ಅದೇ ಕಾರಣಕ್ಕೆ. ವೆಸ್ಲಿ ಸಾಲ ಮಾಡಿ ಕಟ್ಟಿದ ಮನೆ ಕೊನೆಗೆ ಗೆಳೆಯನ ಮತದವರ ಕೈಗೆ ಹೋಗಿ, ನೂರ ಇಪ್ಪತ್ತು ವರ್ಷ ಅವರಲ್ಲೇ ಉಳಿಯಿತು.

ಕಟ್ಟಡಕ್ಕೆ ಮಾತ್ರ ಅದರಿಂದ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮೆಥಡಿಸ್ಟರು ಸ್ಥಿತಿವಂತರಾದರು, ಕಟ್ಟಡಗಳ ರುಚಿ ಬದಲಾಯಿತು. 1850ರಲ್ಲಿ ಅವರ ಪ್ರಸಂಗಿ ಫ್ರೆಡ್ರಿಕ್ ಜಾಬ್ಸನ್ ಒಂದು ಪುಸ್ತಕವನ್ನೇ ಬರೆದು, ದೇವಾಲಯಕ್ಕೆ ತಕ್ಕ ಶೈಲಿ ಗಾಥಿಕ್ ಎಂದು ವಾದಿಸಿದರು. ಚೂಪು ಕಮಾನು, ಮೊನೆಯ ಶಿಖರ, ಬಣ್ಣದ ಗಾಜು ಬಂದವು. ಹೊಸ ಕೋಣೆ ಅವರ ಕೈಯಲ್ಲೇ ಇದ್ದಿದ್ದರೆ ಯಾರಾದರೂ ಧನಿಕ ಭಕ್ತರು ಅದನ್ನು ಕೆಡವಿ ಶಿಖರ ಎತ್ತಿಸದೆ ಬಿಡುತ್ತಿರಲಿಲ್ಲ. ಅಷ್ಟು ಮಾಡಿಸುವ ಅನುಕೂಲ ವೇಲ್ಸ್‌ನವರಿಗೆ ಇದ್ದಂತೆ ಕಾಣದು. 1929ರಲ್ಲಿ ಎಡ್ಮಂಡ್ ಲ್ಯಾಂಪ್ಲೋ ಎಂಬವರು ಇದನ್ನು ಕೊಂಡು ಮೆಥಡಿಸ್ಟರಿಗೆ ಹಿಂದಿರುಗಿಸಿದರು. ಜೀರ್ಣೋದ್ಧಾರ ಮಾಡಿದವರು ಸರ್ ಜಾರ್ಜ್ ಓಟ್ಲಿ. ಇದೇ ಊರಿನ ವಿಶ್ವವಿದ್ಯಾಲಯಕ್ಕೆ ಮುಗಿಲು ಮುಟ್ಟುವ ಗಾಥಿಕ್ ಗೋಪುರ ಕಟ್ಟಿದ ಶಿಲ್ಪಿ ಅವರೇ. ಅಂಥವರು ಇಲ್ಲಿ ಬಂದು ತಮ್ಮ ಕೈಯನ್ನು ಬಿಗಿಹಿಡಿದದ್ದು ನನಗೆ ಅವರ ಗೋಪುರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹತ್ತು ವರ್ಷದ ಮೇಲೆ, 1940ರ ಬಾಂಬುದಾಳಿಯಲ್ಲಿ ಊರ ನಡುವಿನ ಎಷ್ಟೋ ಹಳೆಯ ಕಟ್ಟಡಗಳು ನೆಲಸಮವಾದರೂ ಈ ಕೋಣೆ ಉಳಿದುಕೊಂಡಿತು.

ಇಷ್ಟು ದೂರದ ಕೋಣೆಗೂ ನಮಗೂ ಏನು ನಂಟು ಎನ್ನುವಿರೇನೋ. ನಂಟಿದೆ, ಅದೂ ಎರಡು ದಾರಿಯಲ್ಲಿ. 1771ರ ಆಗಸ್ಟಿನಲ್ಲಿ ಮೆಥಡಿಸ್ಟ್ ಪ್ರಸಂಗಿಗಳ ವಾರ್ಷಿಕ ಸಮ್ಮೇಳನ ಇಲ್ಲಿ ನಡೆಯಿತು. ಅಮೆರಿಕೆಗೆ ಹೋಗಲು ಯಾರು ಸಿದ್ಧ ಎಂದು ವೆಸ್ಲಿ ಕೇಳಿದಾಗ ಫ್ರಾನ್ಸಿಸ್ ಆಸ್ಬರಿ ಎಂಬ ಇಪ್ಪತ್ತೈದರ ಯುವಕ ಮುಂದೆ ಬಂದ. ಅಮೆರಿಕದ ಮೆಥಡಿಸ್ಟ್ ಸಭೆ ಬೆಳೆದದ್ದು ಬಹುಮಟ್ಟಿಗೆ ಅವನ ಕುದುರೆಯ ಹಿಂದೆ. ನಮ್ಮ ಕೋಲಾರ, ಬೀದರ್, ಬೆಳಗಾವಿಗಳ ಮೆಥಡಿಸ್ಟ್ ಸಭೆಗಳು, ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಆ ಅಮೆರಿಕನ್ ಕೊಂಬೆಯವು. ಇನ್ನೊಂದು ಕೊಂಬೆ ನೇರ ಇಂಗ್ಲೆಂಡಿನದು: 1821ರ ಸುಮಾರಿಗೆ ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಷನ್ನಿನವರು. ಗುಬ್ಬಿಯಲ್ಲಿ ನೆಲೆ ಮಾಡಿ ಕನ್ನಡ ಕಲಿತ ಥಾಮಸ್ ಹಾಡ್ಸನ್ ಕನ್ನಡ ವ್ಯಾಕರಣವನ್ನು ಬರೆದರು. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರನ್ನು ಹಳೆಯ ಓದುಗರು ಮರೆತಿರಲಾರರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿಹೋದವು.

ಬೆಂಗಳೂರಿನ ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚು ಇದೇ ವೆಸ್ಲಿಯನ್ನರದು, 1904ರದು, ಕನ್ನಡ ಸಭೆಯದು. ಅದು ಗಾಥಿಕ್, ಜಾಬ್ಸನ್ ಬಯಸಿದ ಹಾದಿಯದು. ಬಸ್ಸಿನಲ್ಲಿ ಅಲ್ಲಿನ ವೃತ್ತ ಸುತ್ತುವವರೆಲ್ಲ ಅದನ್ನು ಚರ್ಚೆಂದು ದೂರದಿಂದಲೇ ಗುರುತಿಸುತ್ತಾರೆ, ಕಟ್ಟಿದವರ ಉದ್ದೇಶವೂ ಅದೇ ಇದ್ದೀತು. ಅದರ ಚೂಪು ಕಮಾನುಗಳನ್ನು ನಾನು ಹಗುರಾಗಿ ಕಾಣುತ್ತಿಲ್ಲ, ಬಿಸಿಲಿಳಿಯುವ ಹೊತ್ತಿಗೆ ಅವು ನಿಜಕ್ಕೂ ಸೊಗಸು. ಆದರೆ ಮೆಥಡಿಸ್ಟರು ಗುರುತಿಸಿಕೊಳ್ಳಲು ಹಿಂಜರಿಯುತ್ತಿದ್ದ ಕಾಲವೂ ಒಂದಿತ್ತು, ಆ ಕಾಲ ಹೇಗೆ ಕಟ್ಟುತ್ತಿತ್ತು ಎಂಬುದಕ್ಕೆ ಬ್ರಿಸ್ಟಲ್ಲಿನ ಅಂಗಡಿಬೀದಿಗೇ ಹೋಗಬೇಕು. ಅಲ್ಲಿಗೆ ಹೋಗುವ ಯೋಗವಿಲ್ಲದವರು ಒಂದು ಕೆಲಸ ಮಾಡಬಹುದು. ನಿಮ್ಮೂರಿನಲ್ಲಿ ಯಾವುದಾದರೂ ಚರ್ಚಿನ ಬಾಗಿಲು ತೆರೆದಿದ್ದರೆ ಒಳಗೆ ಹೋಗಿ, ಎದುರು ಗೋಡೆಯ ನಟ್ಟನಡುವೆ ಏನಿದೆ ನೋಡಿ. ಮೇಜೋ, ಪ್ರಸಂಗಪೀಠವೋ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಪ್ರಸಂಗಿ ಯಾವ ಬಾಗಿಲಿನಿಂದ ಒಳಗೆ ಬರುತ್ತಾರೆ? ಈ ಮೂರನ್ನು ನೋಡಿಕೊಂಡರೆ ಆ ಸಭೆಯವರು ಯಾವುದನ್ನು ಮುಖ್ಯವೆಂದು ಹಿಡಿದಿದ್ದರು, ಯಾವುದಕ್ಕೆ ಹೆದರಿದ್ದರು ಎಂಬುದು ಯಾರನ್ನೂ ಕೇಳದೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಅಲ್ಲಿನ ಹಳೆಯ ಜಮಾಖರ್ಚಿನ ಪುಸ್ತಕ ಸಿಗುತ್ತದೆಯೇ ವಿಚಾರಿಸಿ.